ಬ್ರಿಟನ್ನಿನಲ್ಲಿ ಹುಟ್ಟಿದ ನಮ್ಮ ಮಕ್ಕಳ ಪೌರತ್ವ: ಒಂದು ಅರ್ಜಿ, ಎರಡು ತೀರ್ಮಾನ

ಒಂದೇ ಮನೆಯ ಇಬ್ಬರು ಮಕ್ಕಳನ್ನು ಕಲ್ಪಿಸಿಕೊಳ್ಳಿ. ದೊಡ್ಡವನು ಹುಟ್ಟಿದ್ದು ದಾವಣಗೆರೆಯ ಆಸ್ಪತ್ರೆಯಲ್ಲಿ. ಬಾಣಂತನ ನಡೆದದ್ದು ಹರಿಹರ ತಾಲ್ಲೂಕಿನ ಸಾರಥಿಯ ಅಜ್ಜಿ ಮನೆಯಲ್ಲಿ. ಅವನಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಅಪ್ಪನಿಗೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೆಲಸ ಸಿಕ್ಕಿತು. ತಾಯಿ, ಮಗು ಇಬ್ಬರೂ ಡಿಪೆಂಡೆಂಟ್ ವೀಸಾದ ಮೇಲೆ ಹೋದರು. ಚಿಕ್ಕವಳು ಅಲ್ಲೇ ಹುಟ್ಟಿದಳು. ಅಣ್ಣ ತಂಗಿ ಒಂದೇ ಶಾಲೆಗೆ ಹೋಗುತ್ತಾರೆ, ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುತ್ತಾರೆ, ಭಾನುವಾರ ಅಜ್ಜಿಯ ವಿಡಿಯೋ ಕಾಲ್‌ಗೆ ಒಟ್ಟಿಗೆ ಕೂರುತ್ತಾರೆ. ಬ್ರಿಟನ್ನಿನ ಪೌರತ್ವ ಕಾನೂನಿಗೆ ಮಾತ್ರ ಇವರಿಬ್ಬರೂ ಬೇರೆ ಬೇರೆ ಕಲಮುಗಳಿಗೆ ಸೇರಿದವರು. ತಂಗಿಯದು ಹಕ್ಕು, ಅಣ್ಣನದು ಕೋರಿಕೆ.

ದಾವಣಗೆರೆ, ಹರಿಹರಗಳಿಗೆ ಇಂಥ ಸಂಸಾರಗಳು ಈಗ ಅಪರೂಪವಲ್ಲ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ದಾವಣಗೆರೆ, ಗಿರಣಿಗಳು ಒಂದೊಂದಾಗಿ ನಿಂತ ಮೇಲೆ ಕಾಲೇಜುಗಳ ಊರಾಯಿತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಿ.ಐ.ಇ.ಟಿ. ಎಂಜಿನಿಯರಿಂಗ್ ಕಾಲೇಜು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಆ ಊರಿನ ಹುಡುಗರಿಗೂ ಓದಿ ಹೊರಗೆ ಹೋಗುವುದೇ ದಾರಿ ಎನಿಸಿತು. ಹೀಗೆ ಹೋದವರಲ್ಲಿ ಒಂದು ಪಾಲು ವೈದ್ಯರು, ದಾದಿಯರು, ಸಾಫ್ಟ್‌ವೇರ್ ನೌಕರರು ಬ್ರಿಟನ್ ಸೇರಿದ್ದಾರೆ. ಅವರ ಮಕ್ಕಳ ಪೌರತ್ವದ ಪ್ರಶ್ನೆ ಅಲ್ಲಿನ ಹೋಮ್ ಆಫೀಸ್ ಕೊಡುವ ಒಂದು ಪತ್ರಕ್ಕೆ ಮುಗಿಯುವುದಿಲ್ಲ. ಅದು ಇಲ್ಲಿನ ಗದ್ದೆ, ಇಲ್ಲಿನ ಕಾಲೇಜು ಸೀಟು, ಇಲ್ಲಿಗೆ ಮರಳುವ ಹಕ್ಕು, ಎಲ್ಲಕ್ಕೂ ತಗಲುವ ಪ್ರಶ್ನೆ. ಅಲ್ಲಿನ ತೀರ್ಮಾನಕ್ಕೆ ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಾರೆ. ಅದರ ಜೊತೆಗೇ ಇಲ್ಲಿ ನಡೆದುಹೋಗುವ ಇನ್ನೊಂದು ತೀರ್ಮಾನವನ್ನು ಬಹುಮಂದಿ ಗಮನಿಸುವುದೇ ಇಲ್ಲ.

ಮೊದಲ ತಲೆಮಾರಿನ ವೈದ್ಯರಿಗೆ ಈ ಚಿಂತೆ ಇರಲಿಲ್ಲ. 1982ರ ಕೊನೆಯವರೆಗೆ ಬ್ರಿಟನ್ನಿನ ನೆಲದಲ್ಲಿ ಹುಟ್ಟಿದ ಮಗು, ರಾಯಭಾರಿಗಳ ಮಕ್ಕಳಂಥ ಕೆಲವು ಅಪವಾದ ಬಿಟ್ಟರೆ, ಹುಟ್ಟಿದ ಕ್ಷಣವೇ ಅಲ್ಲಿನ ಪ್ರಜೆ. ತಂದೆತಾಯಿಯ ವೀಸಾ ಯಾವುದು ಎಂದು ಯಾರೂ ಕೇಳುತ್ತಿರಲಿಲ್ಲ. ಭಾರತದ ವೈದ್ಯ ಪದವಿಗಿದ್ದ ನೇರ ಮಾನ್ಯತೆಯನ್ನು ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ 1975ರಲ್ಲಿ ತೆಗೆದುಹಾಕಿ ಪರೀಕ್ಷೆ ಇಟ್ಟಿತು. ಮಕ್ಕಳ ವಿಷಯದಲ್ಲಿ ಬಾಗಿಲು ಇನ್ನೂ ತೆರೆದೇ ಇತ್ತು. 1981ರ ಬ್ರಿಟಿಷ್ ನ್ಯಾಷನಾಲಿಟಿ ಕಾಯ್ದೆ 1983ರ ಜನವರಿ 1ರಂದು ಜಾರಿಗೆ ಬಂತು, ಲೆಕ್ಕ ಬದಲಾಯಿತು. ಅಂದಿನಿಂದ ಅಲ್ಲಿ ಹುಟ್ಟಿದರಷ್ಟೇ ಸಾಲದು. ಮಗು ಹುಟ್ಟುವಾಗ ತಂದೆ ಅಥವಾ ತಾಯಿ ಬ್ರಿಟಿಷ್ ಪ್ರಜೆಯಾಗಿರಬೇಕು, ಇಲ್ಲವೇ ಅಲ್ಲಿ ಕಾಯಂ ನೆಲೆಸುವ ಪರವಾನಗಿ ಪಡೆದಿರಬೇಕು. ಆ ಪರವಾನಗಿಯನ್ನೇ ನಮ್ಮವರು ಐಎಲ್‌ಆರ್ ಎನ್ನುತ್ತಾರೆ, ಕೆಲವರು ಪಿ.ಆರ್. ಎನ್ನುತ್ತಾರೆ. ಕೆಲಸದ ವೀಸಾದ ಮೇಲೆ ಹೋದವರಿಗೆ ಅದು ಬಹುಕಾಲ ಐದು ವರ್ಷದ ದುಡಿಮೆಯ ಮೇಲೆ ಸಿಗುತ್ತ ಬಂದಿದೆ. ಹೋದ ಎರಡನೆಯ ವರ್ಷದಲ್ಲೋ ಮೂರನೆಯ ವರ್ಷದಲ್ಲೋ ಹುಟ್ಟಿದ ಮಗುವಿಗೆ ಹಾಗಾಗಿ ಅಲ್ಲಿನ ಜನನ ಪತ್ರ ಸಿಗುತ್ತದೆ, ಪೌರತ್ವ ಸಿಗುವುದಿಲ್ಲ. ಜನನ ಪತ್ರ ಕೈಗೆ ಬಂತು, ಇನ್ನೇನು ಪಾಸ್‌ಪೋರ್ಟ್ ಮಾಡಿಸಿದರಾಯಿತು ಎಂದು ಊರಲ್ಲಿ ಅಜ್ಜ ಅಜ್ಜಿ ಅಂದುಕೊಳ್ಳುವುದು ಸಹಜ. ಅದು ಅಲ್ಲಿ ಹುಟ್ಟಿದ ಗುರುತು ಮಾತ್ರ.

ಇಲ್ಲಿಂದ ಅಣ್ಣ ತಂಗಿಯರ ದಾರಿ ಬೇರೆಯಾಗುತ್ತದೆ. ತಂದೆತಾಯಿಯರಲ್ಲಿ ಒಬ್ಬರಿಗೆ ಐಎಲ್‌ಆರ್ ಸಿಕ್ಕ ದಿನವೇ ತಂಗಿಗೆ ಕಾಯ್ದೆಯ 1(3)ನೇ ಕಲಮಿನಡಿ ನೋಂದಣಿಯ ಹಕ್ಕು ಹುಟ್ಟುತ್ತದೆ. ಹದಿನೆಂಟು ತುಂಬುವ ಮೊದಲು ಅರ್ಜಿ ಹಾಕಿದರೆ ಸಾಕು. ತೀರ್ಮಾನ ಆಮೇಲೆ ಬಂದರೂ ನಡೆಯುತ್ತದೆ. ಷರತ್ತು ಪೂರೈಸಿದ ಮಗುವಿಗೆ ಅಧಿಕಾರಿ ಇಲ್ಲ ಎನ್ನುವಂತಿಲ್ಲ. ಹತ್ತು ವರ್ಷ ತುಂಬಿದ ಮಕ್ಕಳಿಗೆ ಮಾತ್ರ ನಡತೆಯ ಪರಿಶೀಲನೆ ಇದೆ. ಅಣ್ಣನಿಗೆ ಈ ಕಲಮು ಅನ್ವಯಿಸುವುದಿಲ್ಲ, ಅವನು ಹುಟ್ಟಿದ್ದು ದಾವಣಗೆರೆ. ಅವನು 3(1)ನೇ ಕಲಮಿನಡಿ ಕೇಳಿಕೊಳ್ಳಬೇಕು, ಕೊಡುವುದು ಬಿಡುವುದು ಹೋಮ್ ಆಫೀಸಿನ ವಿವೇಚನೆ. ಮಗುವಿನ ಮುಂದಿನ ಬದುಕು ಬ್ರಿಟನ್ನಿನಲ್ಲೇ ಎಂಬುದು ತೋರಬೇಕು, ತಂದೆತಾಯಿಯ ಸ್ಥಿತಿ ಗಟ್ಟಿಯಾಗಿರಬೇಕು. ಸಾಮಾನ್ಯವಾಗಿ ಅವನು ಅಪ್ಪ ಅಮ್ಮನ ಜೊತೆ ಐಎಲ್‌ಆರ್ ಪಡೆದು, ಅದಾಗಿ ಒಂದು ವರ್ಷದ ಮೇಲೆ ಅವರು ಸ್ವತಃ ಪೌರತ್ವಕ್ಕೆ ಅರ್ಜಿ ಹಾಕುವಾಗ ಅವರೊಂದಿಗೆ ತನ್ನದನ್ನೂ ಹಾಕುತ್ತಾನೆ. ಹೀಗೆ ಚಿಕ್ಕವಳು ಮನೆಯಲ್ಲಿ ಎಲ್ಲರಿಗಿಂತ ಮೊದಲು ಬ್ರಿಟಿಷ್ ಆಗುತ್ತಾಳೆ. ವಿಮಾನ ನಿಲ್ದಾಣದಲ್ಲಿ ನಾಲ್ಕು ಜನರ ಸಂಸಾರ ಎರಡು ಸಾಲುಗಳಲ್ಲಿ ನಿಲ್ಲುತ್ತದೆ.

ಇಷ್ಟು ಕಾಲ ತಂಗಿಯ ವೀಸಾ ಏನು? ಅಲ್ಲಿ ಹುಟ್ಟಿದ ಮಗು ದೇಶ ಬಿಟ್ಟು ಕದಲದಿದ್ದರೆ ಅದಕ್ಕೆ ವೀಸಾ ಮಾಡಿಸುವ ಕಡ್ಡಾಯವಿಲ್ಲ. ಅಜ್ಜಿಯನ್ನು ನೋಡಲು ಹೊರಟರೆ ಮಾತ್ರ ಇಕ್ಕಟ್ಟು: ಪರವಾನಗಿ ಇಲ್ಲದೆ ಹೊರಗೆ ಹೋದ ಕೂಸು ಅದಿಲ್ಲದೆ ಒಳಗೆ ಬರಲಾರದು. ಹೊರಡುವ ಮುಂಚೆಯೇ ಮಗುವಿಗೆ ಡಿಪೆಂಡೆಂಟ್ ಪರವಾನಗಿ ಮಾಡಿಸಿಕೊಂಡವರು ನಿಶ್ಚಿಂತರು. ಮರೆತವರು ದುಗ್ಗಮ್ಮನ ಜಾತ್ರೆಗೆಂದು ಬಂದು, ಮಗುವಿನ ವೀಸಾಕ್ಕಾಗಿ ತಾಯಿ ಇಲ್ಲೇ ಉಳಿದು, ಕೆಲಸದ ರಜೆ ಮುಗಿದ ತಂದೆ ಒಬ್ಬನೇ ಮರಳುವ ಸ್ಥಿತಿ ತಂದುಕೊಳ್ಳುತ್ತಾರೆ.

ಇನ್ನು ದುಡ್ಡಿನ ಮಾತು. ಮಗುವಿನ ನೋಂದಣಿ ಶುಲ್ಕ 2018ರಿಂದ 1,012 ಪೌಂಡ್ ಇತ್ತು. 2023ರ ಅಕ್ಟೋಬರ್‌ನಲ್ಲಿ ಅದು 1,214 ಪೌಂಡ್‌ಗೆ ಏರಿತು, ನಮ್ಮ ಆಗಿನ ಲೆಕ್ಕದಲ್ಲಿ ಸುಮಾರು ಒಂದೂಕಾಲು ಲಕ್ಷ ರೂಪಾಯಿ. 1,012 ಪೌಂಡ್ ವಸೂಲಾಗುತ್ತಿದ್ದಾಗ ಒಂದು ಅರ್ಜಿ ಪರಿಶೀಲಿಸಲು ಇಲಾಖೆಗೆ ತಗಲುತ್ತಿದ್ದ ವೆಚ್ಚ 372 ಪೌಂಡ್ ಎಂಬುದು ನ್ಯಾಯಾಲಯದಲ್ಲೇ ಹೊರಬಂದ ಸಂಗತಿ. ಮಿಕ್ಕದ್ದು ವಲಸೆ ಇಲಾಖೆಯ ಉಳಿದ ಖರ್ಚಿಗೆ. ಮಕ್ಕಳ ಪೌರತ್ವ ನೋಂದಣಿಗಾಗಿಯೇ ದುಡಿಯುವ ಪಿಆರ್‌ಸಿಬಿಸಿ ಎಂಬ ಸಂಸ್ಥೆ ಮತ್ತು ಇಬ್ಬರು ಮಕ್ಕಳು ಇದನ್ನು ಪ್ರಶ್ನಿಸಿದರು. ಶುಲ್ಕ ನಿಗದಿ ಮಾಡುವಾಗ ಮಕ್ಕಳ ಹಿತವನ್ನು ಸರ್ಕಾರ ಪರಿಗಣಿಸಿಯೇ ಇಲ್ಲ ಎಂದು 2019ರ ಡಿಸೆಂಬರ್‌ನಲ್ಲಿ ಲಂಡನ್ನಿನ ಹೈಕೋರ್ಟ್ ಹೇಳಿತು. 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಿತು. ಆದರೆ ಇಷ್ಟು ಶುಲ್ಕ ವಿಧಿಸುವ ಅಧಿಕಾರವನ್ನು ಸಂಸತ್ತೇ ಕೊಟ್ಟಿದೆ ಎಂದು 2022ರ ಫೆಬ್ರವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದೇ ವರ್ಷ ಜೂನ್‌ನಿಂದ, ಕಟ್ಟಲು ನಿಜಕ್ಕೂ ಶಕ್ತಿಯಿಲ್ಲದ ಕುಟುಂಬಗಳಿಗೆ ಶುಲ್ಕ ಮನ್ನಾ ಮಾಡುವ ವ್ಯವಸ್ಥೆ ಬಂತು. ಸ್ಥಳೀಯ ಆಡಳಿತದ ಪೋಷಣೆಯಲ್ಲಿರುವ ಮಕ್ಕಳಿಗೆ ಪೂರ್ತಿ ವಿನಾಯಿತಿ.

ಕಾನೂನೇ ಹಕ್ಕು ಎಂದು ಕರೆದದ್ದಕ್ಕೆ ಖರ್ಚಿನ ಮೂರು ಪಟ್ಟು ಬೆಲೆ ಇಡುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ದೊಡ್ಡ ಆಸ್ಪತ್ರೆಯ ಕನ್ಸಲ್ಟೆಂಟ್ ವೈದ್ಯರಿಗೆ ಈ ಮೊತ್ತ ಭಾರವಾಗದಿರಬಹುದು. ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮಾಡಿ, ಊರಿನ ಸಾಲದ ಕಂತನ್ನೂ ಕಳಿಸುವ ಹೆಣ್ಣುಮಗಳಿಗೆ ಎರಡು ಮಕ್ಕಳ ಶುಲ್ಕ ಎಂದರೆ ಎಷ್ಟೋ ತಿಂಗಳ ಉಳಿತಾಯ. ಶುಲ್ಕ ಮನ್ನಾಕ್ಕೆ ಅರ್ಜಿ ಹಾಕಬಹುದು ಎಂಬ ಸಂಗತಿಯೇ ಗೊತ್ತಿಲ್ಲದೆ, ಮುಂದಿನ ವರ್ಷ ನೋಡೋಣ ಎಂದು ಮುಂದೂಡುವವರು ಇಂಥವರೇ.

ಅರ್ಜಿ ಹೋದ ಮೇಲೆ ಕಾಯುವುದು. ಆನ್‌ಲೈನಿನಲ್ಲಿ ಅರ್ಜಿ ತುಂಬಿ, ಕಾಗದಗಳನ್ನು ಸ್ಕ್ಯಾನ್ ಮಾಡಿ ಏರಿಸಿ, ಮಗುವನ್ನು ಕರೆದುಕೊಂಡು ಹೋಗಿ ಬಯೋಮೆಟ್ರಿಕ್ ಕೊಟ್ಟು ಬರಬೇಕು. ಐದು ವರ್ಷದೊಳಗಿನ ಮಕ್ಕಳ ಬೆರಳಚ್ಚು ತೆಗೆಯುವುದಿಲ್ಲ, ಫೋಟೋ ಮಾತ್ರ. ಆಮೇಲೆ ಮೌನ. ಸಾಮಾನ್ಯವಾಗಿ ಆರು ತಿಂಗಳೊಳಗೆ ತೀರ್ಮಾನ ಎಂದು ಹೋಮ್ ಆಫೀಸ್ ಹೇಳುತ್ತದೆ, ಕೆಲವಕ್ಕೆ ಹೆಚ್ಚು ಹಿಡಿಯಬಹುದು ಎಂಬ ಮಾತನ್ನೂ ಸೇರಿಸಿಯೇ. ಒಬ್ಬರಿಗೆ ಆರು ವಾರದಲ್ಲಿ ಬಂತು, ಇನ್ನೊಬ್ಬರಿಗೆ ಎಂಟು ತಿಂಗಳಾದರೂ ಇಲ್ಲ ಎಂಬ ಮಾತುಗಳು ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ಓಡಾಡುತ್ತವೆ, ಅದರಿಂದ ತಳಮಳ ಹೆಚ್ಚುತ್ತದೆ. ಪಕ್ಕದ ಮನೆಯ ಅರ್ಜಿಗೆ ಹೋಲಿಸಿಕೊಂಡು ಚಿಂತೆ ಮಾಡುವುದರಲ್ಲಿ ಅರ್ಥವಿಲ್ಲ. ಒಬ್ಬ ಅಧಿಕಾರಿ ಹೆಚ್ಚುವರಿ ಪುರಾವೆ ಕೇಳಿ ಮಿಂಚಂಚೆ ಕಳಿಸಿರುತ್ತಾನೆ, ಅದು ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಕೂತಿರುತ್ತದೆ; ವಾರಕ್ಕೊಮ್ಮೆ ಅದನ್ನು ನೋಡುವುದು ಕಾಯುವವರು ಮಾಡಬಹುದಾದ ನಿಜವಾದ ಕೆಲಸ.

ಇಲ್ಲ ಎಂಬ ಉತ್ತರ ಬಂದರೆ ಮೇಲ್ಮನವಿಯ ಹಕ್ಕಿಲ್ಲ. ಮರುಪರಿಶೀಲನೆ ಕೇಳಬಹುದು, ಅದಕ್ಕೂ ಶುಲ್ಕವಿದೆ. ಅದೂ ಆಗದಿದ್ದರೆ ಹೈಕೋರ್ಟಿನಲ್ಲಿ ನ್ಯಾಯಾಂಗ ಪರಾಮರ್ಶೆ, ಅದರ ವೆಚ್ಚ ಸಾಮಾನ್ಯ ಕುಟುಂಬ ತಡೆಯುವಂಥದ್ದಲ್ಲ. ಹೌದು ಎಂದು ಬಂದರೆ ನೋಂದಣಿ ಪ್ರಮಾಣಪತ್ರ ಬರುತ್ತದೆ. ದೊಡ್ಡವರ ಹಾಗೆ ಮಕ್ಕಳು ಸಮಾರಂಭದಲ್ಲಿ ನಿಂತು ಪ್ರಮಾಣ ಮಾಡಬೇಕಿಲ್ಲ, ಲೈಫ್ ಇನ್ ದ ಯುಕೆ ಪರೀಕ್ಷೆಯನ್ನೂ ಬರೆಯಬೇಕಿಲ್ಲ.

ಇಷ್ಟೆಲ್ಲ ಐದು ವರ್ಷದ ಲೆಕ್ಕದ ಮೇಲೆ ನಿಂತದ್ದು. ಆ ಲೆಕ್ಕವೇ ಈಗ ಅಲುಗಾಡುತ್ತಿದೆ. 2025ರ ಮೇ ತಿಂಗಳಲ್ಲಿ ಬ್ರಿಟಿಷ್ ಸರ್ಕಾರ ಹೊರಡಿಸಿದ ವಲಸೆ ಶ್ವೇತಪತ್ರ, ಐಎಲ್‌ಆರ್‌ಗೆ ಬೇಕಾದ ಅವಧಿಯನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪ ಇಟ್ಟಿತು. ನವೆಂಬರ್‌ನಲ್ಲಿ ಅದರ ವಿವರ ಬಂತು: ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ವೈದ್ಯರು, ದಾದಿಯರಿಗೆ ಐದು ವರ್ಷವೇ ಇರಲಿ, ಆರೈಕೆ ಕೆಲಸದಂಥ ಕಡಿಮೆ ಸಂಬಳದ ಹುದ್ದೆಗಳವರಿಗೆ ಹದಿನೈದು ವರ್ಷ ಎಂದು. ದಾವಣಗೆರೆಯ ಒಂದೇ ಬೀದಿಯಿಂದ ಹೋದ ಇಬ್ಬರಲ್ಲಿ ವೈದ್ಯನ ಮಗು ಒಂದು ನ್ಯಾಯಕ್ಕೆ, ಆರೈಕೆ ಕೆಲಸದವಳ ಮಗು ಇನ್ನೊಂದು ನ್ಯಾಯಕ್ಕೆ ಒಳಪಡುವ ಸಾಧ್ಯತೆ ಇದು. ಆರೈಕೆ ಕೆಲಸದವರು ಕುಟುಂಬ ಕರೆತರುವುದನ್ನು 2024ರ ಮಾರ್ಚ್‌ನಲ್ಲೇ ನಿಲ್ಲಿಸಲಾಯಿತು, 2025ರ ಜುಲೈನಲ್ಲಿ ಹೊರದೇಶದಿಂದ ಹೊಸ ನೇಮಕವನ್ನೂ ನಿಲ್ಲಿಸಲಾಯಿತು.

ತಂದೆತಾಯಿಯ ದಾರಿ ಹೀಗೆ ಉದ್ದವಾದಷ್ಟೂ ಮಗುವಿನ ಸ್ವಂತ ದಾರಿಯೊಂದು ಮುಖ್ಯವಾಗುತ್ತದೆ. ಅದು 1(4)ನೇ ಕಲಮು. ಬ್ರಿಟನ್ನಿನಲ್ಲಿ ಹುಟ್ಟಿ, ಬದುಕಿನ ಮೊದಲ ಹತ್ತು ವರ್ಷ ಅಲ್ಲೇ ಬೆಳೆದ ಮಗುವಿಗೆ ತಂದೆತಾಯಿಯ ವೀಸಾ ಏನೇ ಇರಲಿ, ನೋಂದಣಿಯ ಹಕ್ಕಿದೆ. ಆ ಹತ್ತರಲ್ಲಿ ಯಾವ ವರ್ಷವೂ ತೊಂಬತ್ತು ದಿನಕ್ಕಿಂತ ಹೆಚ್ಚು ಹೊರಗಿರಬಾರದು ಎಂಬುದು ಷರತ್ತು. ಈ ಹಕ್ಕಿಗೆ ವಯಸ್ಸಿನ ಮೇಲ್ಮಿತಿಯೂ ಇಲ್ಲ, ಹದಿನೆಂಟು ದಾಟಿದ ಮೇಲೂ ಕೇಳಬಹುದು. ಪ್ರಸ್ತಾಪ ಹಾಗೆಯೇ ಕಾನೂನಾದರೆ ಹದಿನೈದು ವರ್ಷ ಕಾಯುವ ತಾಯಿಗಿಂತ ಮೊದಲು ಹತ್ತರ ಮಗಳು ಬ್ರಿಟಿಷ್ ಆಗುತ್ತಾಳೆ. ಇದುವರೆಗೆ ನಮ್ಮ ಜನ ಹೆಚ್ಚಾಗಿ ಬಳಸದಿದ್ದ ಈ ಕಲಮನ್ನು ಇನ್ನು ಮುಂದೆ ಮನಸ್ಸಿನಲ್ಲಿ ಇಟ್ಟುಕೊಂಡೇ ಮಗುವನ್ನು ಬೆಳೆಸಬೇಕಾಗುತ್ತದೆ.

ಇಲ್ಲೇ ನಮ್ಮ ಕಡೆಯ ಒಂದು ರೂಢಿ ಅಡ್ಡ ಬರುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಪಾಳಿ ಕೆಲಸ, ಅಲ್ಲಿನ ಶಿಶುವಿಹಾರಕ್ಕೆ ಸಂಬಳದ ಅರ್ಧ ಹೋಗುತ್ತದೆ. “ಮಗೀನ ಇಲ್ಲೇ ಬಿಟ್ಟು ಹೋಗ್ರಿ, ನಾವ್ ನೋಡ್ಕೊಂತೀವಿ” ಎನ್ನುತ್ತಾರೆ ಅಜ್ಜ ಅಜ್ಜಿ. ಕೂಸು ಒಂದು ವರ್ಷ ಹರಿಹರದಲ್ಲಿ ಬೆಳೆಯುತ್ತದೆ, ಕನ್ನಡ ಕಲಿಯುತ್ತದೆ, ಗಟ್ಟಿಮುಟ್ಟಾಗಿ ಮರಳುತ್ತದೆ. ಪ್ರೀತಿಯ ಈ ಏರ್ಪಾಡು ಹತ್ತು ವರ್ಷದ ಲೆಕ್ಕದಲ್ಲಿ ದೊಡ್ಡ ಕಂದಕ ತೋಡುತ್ತದೆ. ವಿಶೇಷ ಸಂದರ್ಭದಲ್ಲಿ ಹೆಚ್ಚು ದಿನದ ಗೈರುಹಾಜರಿಯನ್ನು ಮನ್ನಿಸುವ ಅಧಿಕಾರ ಹೋಮ್ ಆಫೀಸಿಗೆ ಕಾಯ್ದೆಯಲ್ಲೇ ಇದೆ. ಆದರೆ ಹಕ್ಕಾಗಿದ್ದದ್ದು ಅಲ್ಲಿಗೆ ಮತ್ತೆ ಕೋರಿಕೆಯಾಯಿತು. ಅಜ್ಜಿ ಮನೆಗೆ ಕಳಿಸಬೇಡಿ ಎಂದು ನಾನು ಹೇಳಲಾರೆ. ತೊಂಬತ್ತು ದಿನ ಎಂಬ ಗೆರೆ ಗೊತ್ತಿದ್ದು ಕಳಿಸಿ ಎನ್ನುತ್ತೇನೆ. ಬೇಸಿಗೆಗೆ ಎರಡು ತಿಂಗಳು, ದೀಪಾವಳಿಗೆ ಮೂರು ವಾರ ಬಂದರೂ ಗೆರೆ ದಾಟುವುದಿಲ್ಲ.

ಹತ್ತು ವರ್ಷ ಅಲ್ಲಿದ್ದೆವು ಎಂದರೆ ಸಾಲದು, ವರ್ಷವರ್ಷದ ಪುರಾವೆ ಬೇಕು. ಮಗು ಹುಟ್ಟಿದಾಗ ಅಲ್ಲಿ ಕೊಡುವ ಕೆಂಪು ರಟ್ಟಿನ ಆರೋಗ್ಯ ಪುಸ್ತಕ, ಲಸಿಕೆಯ ದಾಖಲೆ, ಜಿಪಿ ವೈದ್ಯರ ಪತ್ರ, ನರ್ಸರಿ ಮತ್ತು ಶಾಲೆಯ ಹಾಜರಿ ಪತ್ರ, ಹಳೆಯ ಪಾಸ್‌ಪೋರ್ಟ್‌ಗಳ ಎಲ್ಲ ಪುಟ, ಇವೇ ಆಗ ಮಾತಾಡುವುದು. ನಮ್ಮಲ್ಲಿ ತಾಯಿ ಕಾರ್ಡನ್ನು ಹೆರಿಗೆ ಮುಗಿದ ಮೇಲೆ ಎಲ್ಲೋ ಇಟ್ಟು ಮರೆಯುವ ಹಾಗೆ ಆ ಕೆಂಪು ಪುಸ್ತಕವನ್ನೂ ಮನೆ ಬದಲಿಸುವಾಗ ಕಳೆದುಕೊಂಡವರಿದ್ದಾರೆ. ಕಾಗದವಿಲ್ಲದವರ ಪಾಡು ಬ್ರಿಟನ್ನಿನಲ್ಲಿ ಏನಾಗಬಹುದು ಎಂಬುದಕ್ಕೆ 2018ರಲ್ಲಿ ಹೊರಬಿದ್ದ ವಿಂಡ್‌ರಷ್ ಪ್ರಕರಣ ಸಾಕ್ಷಿ. ಕೆರಿಬಿಯನ್ ದ್ವೀಪಗಳಿಂದ ಮಕ್ಕಳಾಗಿ ಬಂದು, ಕಾನೂನುಬದ್ಧವಾಗಿಯೇ ಬದುಕಿ, ದುಡಿದು ಮುದುಕರಾದವರು ತಮ್ಮ ಹಕ್ಕನ್ನು ಕಾಗದದಲ್ಲಿ ತೋರಿಸಲಾಗದೆ ಕೆಲಸ, ಚಿಕಿತ್ಸೆ ಕಳೆದುಕೊಂಡರು. ಕೆಲವರನ್ನು ದೇಶದಿಂದಲೇ ಹೊರಹಾಕಲಾಯಿತು.

ಹೆಸರಿನ ತೊಡಕು ನಮ್ಮವರಿಗೆ ವಿಶೇಷ. ಊರಿನ ಹೆಸರಿನ ಅಕ್ಷರ, ತಂದೆಯ ಹೆಸರಿನ ಅಕ್ಷರ, ಆಮೇಲೆ ಸ್ವಂತ ಹೆಸರು, ಇದು ನಮ್ಮ ಪದ್ಧತಿ. ಬ್ರಿಟಿಷ್ ಕಾಗದಗಳು ಮೊದಲ ಹೆಸರು, ಮನೆತನದ ಹೆಸರು ಎಂದು ಎರಡೇ ಮನೆ ಇಟ್ಟಿರುತ್ತವೆ. ತಂದೆಯ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗ ಖಾಲಿ, ತಾಯಿಯದರಲ್ಲಿ ಅವಳ ತಂದೆಯ ಹೆಸರು, ಮಗುವಿನ ಇಂಗ್ಲೆಂಡ್ ಜನನ ಪತ್ರದಲ್ಲಿ ಅಜ್ಜನ ಹೆಸರು. ಇಂಗ್ಲೆಂಡಿನಲ್ಲಿ ಹುಟ್ಟಿದ 42 ದಿನದೊಳಗೆ ಜನನ ನೋಂದಾಯಿಸಬೇಕು. ಹೆಸರಿಡುವ ಶಾಸ್ತ್ರಕ್ಕೆ ಅಜ್ಜಿ ಬರುವ ಮೊದಲೇ ಅವಸರದಲ್ಲಿ ಒಂದು ಹೆಸರು ದಾಖಲಾಗಿಬಿಡುತ್ತದೆ. ಮುಂದೆ ಭಾರತದ ಪಾಸ್‌ಪೋರ್ಟ್‌ನಲ್ಲಿ ಅದು ಬೇರೆ ಕ್ರಮದಲ್ಲಿ ಬರುತ್ತದೆ. ಒಬ್ಬ ವ್ಯಕ್ತಿಯ ಎಲ್ಲ ದೇಶದ ಪಾಸ್‌ಪೋರ್ಟ್‌ಗಳಲ್ಲೂ ಒಂದೇ ಹೆಸರಿರಬೇಕು ಎಂಬುದು ಬ್ರಿಟಿಷ್ ಪಾಸ್‌ಪೋರ್ಟ್ ಕಚೇರಿಯ ನಿಯಮ. ಪೌರತ್ವ ಸಿಕ್ಕಿಯೂ ಪಾಸ್‌ಪೋರ್ಟ್ ತಡವಾಗುವುದು ಎಷ್ಟೋ ಸಲ ಈ ಕಾರಣಕ್ಕೆ. ತಂದೆತಾಯಿಯ ಹೆಸರನ್ನು ಮಗು ಹುಟ್ಟುವ ಮೊದಲೇ ಸರಿಪಡಿಸಿಕೊಳ್ಳಬೇಕು. ಹಳ್ಳಿಯಲ್ಲಿ ಹುಟ್ಟಿ ಜನನ ನೋಂದಣಿಯೇ ಆಗದ ತಂದೆತಾಯಿಯರೂ ಇದ್ದಾರೆ. ವರ್ಷ ಮೀರಿದ ಜನನ ನೋಂದಣಿಗೆ ಮೊದಲು ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಬೇಕಿತ್ತು. 2023ರ ಕೇಂದ್ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಮಟ್ಟಕ್ಕೆ ತಂದಿತು.

ಈಗ ಎರಡನೆಯ ತೀರ್ಮಾನಕ್ಕೆ ಬರೋಣ. 2004ರ ಡಿಸೆಂಬರ್ 3ರಿಂದ ಈಚೆಗೆ ವಿದೇಶದಲ್ಲಿ ಹುಟ್ಟಿದ ಮಗು ತಾನಾಗಿ ಭಾರತೀಯ ಆಗುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ಜನನ ನೋಂದಾಯಿಸಬೇಕು, ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ತಂದೆತಾಯಿ ಬರೆದುಕೊಡಬೇಕು. ವರ್ಷ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಲಂಡನ್ನಿನ ಹೈಕಮಿಷನ್, ಬರ್ಮಿಂಗ್‌ಹ್ಯಾಮ್ ಮತ್ತು ಎಡಿನ್‌ಬರಾದ ದೂತಾವಾಸಗಳ ಜೊತೆಗೆ 2025ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್, ಬೆಲ್‌ಫಾಸ್ಟ್‌ಗಳಲ್ಲೂ ಹೊಸ ದೂತಾವಾಸ ತೆರೆದಿವೆ. ಈ ಒಂದು ವರ್ಷವನ್ನು ಕೈಬಿಟ್ಟ ಮಗು ಸ್ವಲ್ಪ ಕಾಲ ಯಾವ ದೇಶದ್ದೂ ಅಲ್ಲದ ಸ್ಥಿತಿಯಲ್ಲಿ ನಿಲ್ಲಬೇಕಾಗುತ್ತದೆ.

ಬ್ರಿಟಿಷ್ ಪೌರತ್ವ ಬಂದ ಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಬೇಕು. ಬೇರೆ ದೇಶದ ಪೌರತ್ವವನ್ನು ಸ್ವಂತ ಇಚ್ಛೆಯಿಂದ ಪಡೆದವರು ಭಾರತದ ಪೌರತ್ವ ಕಳೆದುಕೊಳ್ಳುತ್ತಾರೆ ಎನ್ನುತ್ತದೆ 1955ರ ಪೌರತ್ವ ಕಾಯ್ದೆಯ 9ನೇ ಕಲಮು. ಆಮೇಲೆ ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿಗೆ ಅರ್ಜಿ. ಈ ಎರಡರ ನಡುವಿನ ವಾರಗಳು ಕಷ್ಟದವು. ಹಳೆಯ ಪಾಸ್‌ಪೋರ್ಟ್ ಬಳಸುವಂತಿಲ್ಲ, ಹೊಸದರಲ್ಲಿ ಭಾರತಕ್ಕೆ ಬರುವ ಅನುಮತಿ ಇಲ್ಲ. ಊರಲ್ಲಿ ಅಜ್ಜ ತೀರಿಕೊಂಡ ಸುದ್ದಿ ಆ ಹೊತ್ತಿಗೇ ಬಂದರೆ ಮಗುವಿಗೆ ಬೇರೆ ವೀಸಾ ಮಾಡಿಸುವಷ್ಟರಲ್ಲಿ ಮಣ್ಣಾಗಿರುತ್ತದೆ. ಹಾಗಾಗಿ ಮನೆಯಲ್ಲಿ ಹಿರಿಯರ ಆರೋಗ್ಯ ಸೂಕ್ಷ್ಮವಾಗಿರುವಾಗ, ಹಕ್ಕಿನ ಅರ್ಜಿಯನ್ನು ಮೂರ್ನಾಲ್ಕು ತಿಂಗಳು ಮುಂದೂಡಿದರೆ ನಷ್ಟವಿಲ್ಲ.

ಒಸಿಐ ಕಾರ್ಡಿದ್ದರೆ ಎಲ್ಲ ಒಂದೇ ಎಂಬ ನಂಬಿಕೆ ಊರಲ್ಲಿ ಬಲವಾಗಿದೆ. ಜೀವನಪೂರ್ತಿ ವೀಸಾ ಇಲ್ಲದೆ ಬಂದು ಹೋಗಬಹುದು, ಇಲ್ಲೇ ಇದ್ದು ಕೆಲಸ ಮಾಡಬಹುದು, ಅದೆಲ್ಲ ನಿಜ. ಮತದಾನವಿಲ್ಲ, ಸರ್ಕಾರಿ ನೌಕರಿ ಸಾಮಾನ್ಯವಾಗಿ ಇಲ್ಲ. ದಾವಣಗೆರೆ ಜಿಲ್ಲೆಯ ಮಟ್ಟಿಗೆ ಇನ್ನೂ ದೊಡ್ಡದು ಜಮೀನಿನ ಮಾತು. ಭದ್ರಾ ನಾಲೆಯ ಭತ್ತದ ಗದ್ದೆಯನ್ನೋ ಚನ್ನಗಿರಿ ಕಡೆಯ ಅಡಿಕೆ ತೋಟವನ್ನೋ ಒಸಿಐ ಮೊಮ್ಮಗ ಕೊಳ್ಳುವಂತಿಲ್ಲ, ಅಜ್ಜ ದಾನಪತ್ರ ಬರೆದುಕೊಡುವಂತೆಯೂ ಇಲ್ಲ. ವಾರಸುದಾರಿಕೆಯಲ್ಲಿ ಬಂದರೆ ಇಟ್ಟುಕೊಳ್ಳಬಹುದು. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದಾದಾಗ, ಇನ್ನು ನಮ್ಮ ಹುಡುಗನಿಗೂ ತೊಂದರೆಯಿಲ್ಲ ಎಂದುಕೊಂಡವರಿದ್ದಾರೆ. ರಾಜ್ಯದ ಆ ತಿದ್ದುಪಡಿ ಕೇಂದ್ರದ ವಿದೇಶಿ ವಿನಿಮಯ ನಿಯಮದ ತಡೆಯನ್ನು ತೆಗೆಯುವುದಿಲ್ಲ. ಮೊಮ್ಮಕ್ಕಳ ಹೆಸರಿಗೆ ಆಸ್ತಿ ಮಾಡುವ ಯೋಚನೆಯಿರುವ ಹಿರಿಯರು ದಾನಪತ್ರದ ಬದಲು ಉಯಿಲಿನ ಬಗ್ಗೆ ವಕೀಲರನ್ನು ಕೇಳುವುದು ಒಳ್ಳೆಯದು.

ವೈದ್ಯರ ಮಕ್ಕಳು ತಂದೆ ಓದಿದ ಕಾಲೇಜಿಗೇ ಬಂದು ಓದಲಿ ಎಂಬ ಆಸೆಗೂ ಈಗ ಅಡ್ಡಿಯಿದೆ. 2020ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವೃತ್ತಿಶಿಕ್ಷಣ ಪ್ರವೇಶದಲ್ಲಿ ಒಸಿಐ ವಿದ್ಯಾರ್ಥಿಗಳ ಪರ ತೀರ್ಪು ಕೊಟ್ಟಿತ್ತು. ಮೂರು ತಿಂಗಳೊಳಗೆ, 2021ರ ಮಾರ್ಚ್ 4ರಂದು, ಅವರಿಗೆ ಎನ್‌ಆರ್‌ಐ ಸೀಟು ಮಾತ್ರ ಎಂದು ಕೇಂದ್ರ ಅಧಿಸೂಚನೆ ಹೊರಡಿಸಿತು. ಆ ದಿನಾಂಕಕ್ಕೆ ಮೊದಲೇ ಕಾರ್ಡು ಪಡೆದವರಿಗೆ ಇದು ಅನ್ವಯಿಸದು ಎಂದು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈಚೆಗೆ ಕಾರ್ಡು ಪಡೆಯುವ ಮಕ್ಕಳಿಗೆ ಆ ರಕ್ಷಣೆ ಇಲ್ಲ.

ಹಾಗಾದರೆ ದೊಡ್ಡವನಾದ ಮೇಲೆ ಮಗ ಭಾರತೀಯನೇ ಆಗುತ್ತೇನೆ ಎಂದರೆ? ಭಾರತದ ಪೌರತ್ವ ಕಾಯ್ದೆಯ 8(2)ನೇ ಕಲಮು ಒಂದು ದಾರಿ ತೋರುತ್ತಿತ್ತು: ಪೌರತ್ವ ತ್ಯಜಿಸಿದವರ ಮಕ್ಕಳು ಹದಿನೆಂಟು ತುಂಬಿದ ಒಂದು ವರ್ಷದೊಳಗೆ ಘೋಷಣೆ ಕೊಟ್ಟು ಭಾರತೀಯ ಪೌರತ್ವ ಮರಳಿ ಪಡೆಯಬಹುದು ಎಂದು. ಸಿಂಗಪುರದಲ್ಲಿ ಹುಟ್ಟಿದ ಯುವಕನೊಬ್ಬನಿಗೆ ಮದ್ರಾಸ್ ಹೈಕೋರ್ಟ್ ಆ ದಾರಿಯನ್ನು ಕೊಟ್ಟಿತ್ತು. 2024ರ ಅಕ್ಟೋಬರ್ 18ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಅಭಯ್ ಎಸ್. ಓಕಾ ಮತ್ತು ನ್ಯಾಯಮೂರ್ತಿ ಆಗಸ್ಟೀನ್ ಜಾರ್ಜ್ ಮಸೀಹ್ ಅವರ ಪೀಠ ಅದನ್ನು ರದ್ದುಮಾಡಿತು. ಬೇರೆ ದೇಶದ ಪೌರತ್ವ ಪಡೆದವರದು 9ನೇ ಕಲಮಿನಡಿ ತಾನಾಗಿ ಹೋಗುವ ಪೌರತ್ವ, ಅದು 8ನೇ ಕಲಮಿನ ಸ್ವಯಂ ತ್ಯಾಗವಲ್ಲ. ಆದ್ದರಿಂದ ಅವರ ಮಕ್ಕಳಿಗೆ 8(2)ರ ಸೌಲಭ್ಯವಿಲ್ಲ ಎಂಬುದು ತೀರ್ಪಿನ ತಿರುಳು. ಕಾಯ್ದೆಯ ಅಕ್ಷರದಂತೆ ತೀರ್ಪು ಸರಿಯಾಗಿಯೇ ಇದೆ. ಉಳಿದ ದಾರಿ 5ನೇ ಕಲಮಿನದು: ಐದು ವರ್ಷ ಒಸಿಐ ಆಗಿದ್ದು, ಅರ್ಜಿಗೆ ಮೊದಲು ಹನ್ನೆರಡು ತಿಂಗಳು ಭಾರತದಲ್ಲಿ ವಾಸಿಸಿ, ಕೇಂದ್ರ ಸರ್ಕಾರದ ಮುಂದೆ ಕೇಳಿಕೊಳ್ಳುವುದು. ಲೆಸ್ಟರ್‌ನಲ್ಲಿ ಹಕ್ಕುದಾರಳಾಗಿದ್ದ ತಂಗಿ ದಾವಣಗೆರೆಯಲ್ಲಿ ಕೋರಿಕೆಯವಳಾಗುತ್ತಾಳೆ.

2022ರಲ್ಲಿ 2,25,620 ಜನ, 2023ರಲ್ಲಿ 2,16,219 ಜನ ಭಾರತದ ಪೌರತ್ವ ಬಿಟ್ಟರು ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದೆ. ದೊಡ್ಡವರು ಯೋಚಿಸಿ ಬಿಡುತ್ತಾರೆ, ಅವರ ಆಯ್ಕೆ ಅವರದು. ಐದು ವರ್ಷದ ಮಗುವಿನ ಪರವಾಗಿ ಸಹಿ ಹಾಕುವವರು ತಂದೆತಾಯಿ, ಅದನ್ನು ಸ್ವಂತ ಇಚ್ಛೆ ಎಂದು ಹೇಗೆ ಕರೆಯುವುದು? ನಮ್ಮ ಕಾಯ್ದೆಯಲ್ಲೇ ಇದಕ್ಕೆ ಉತ್ತರದ ಬೀಜವಿದೆ. ವಿದೇಶದಲ್ಲಿ ಹುಟ್ಟಿ ನೋಂದಣಿಯಿಂದ ಭಾರತೀಯನಾದ ಅಪ್ರಾಪ್ತನಿಗೆ ಬೇರೊಂದು ದೇಶದ ಪೌರತ್ವವೂ ಇದ್ದರೆ, ಪ್ರಾಯಕ್ಕೆ ಬಂದ ಆರು ತಿಂಗಳೊಳಗೆ ಆ ಇನ್ನೊಂದನ್ನು ಬಿಡದಿದ್ದಲ್ಲಿ ಭಾರತದ ಪೌರತ್ವ ಹೋಗುತ್ತದೆ ಎನ್ನುತ್ತದೆ 4(1ಎ) ಉಪಕಲಮು. ಅಂದರೆ ಹದಿನೆಂಟರವರೆಗೆ ಎರಡೂ ಇರಬಹುದು, ಆಮೇಲೆ ಮಗುವೇ ಆರಿಸಿಕೊಳ್ಳಲಿ ಎಂಬ ವಿಚಾರ ನಮ್ಮ ಶಾಸಕರಿಗೆ ಹೊಸದಲ್ಲ. ಪಾಸ್‌ಪೋರ್ಟ್ ಒಪ್ಪಿಸುವ ಆಡಳಿತದ ರೂಢಿಯಲ್ಲಿ ಅದು ಕಾಣದಂತಾಗಿದೆ ಅಷ್ಟೆ. ಜರ್ಮನಿ 2024ರ ಜೂನ್‌ನಿಂದ ಬೇರೆ ಪೌರತ್ವ ಉಳಿಸಿಕೊಳ್ಳಲು ಬಿಟ್ಟಿದೆ. ಪಾಕಿಸ್ತಾನವೂ ಬ್ರಿಟನ್ನಿನ ವಿಷಯದಲ್ಲಿ ಎರಡು ಪೌರತ್ವ ಒಪ್ಪುತ್ತದೆ. ಲೆಸ್ಟರ್ ಶಾಲೆಯಲ್ಲಿ ನಮ್ಮ ಮಗುವಿನ ಪಕ್ಕ ಕೂರುವ ಲಾಹೋರ್ ಮೂಲದ ಮಗು ಎರಡೂ ಪಾಸ್‌ಪೋರ್ಟ್ ಇಟ್ಟುಕೊಂಡು ಬೆಳೆಯುತ್ತದೆ. ಸಾರ್ವಕಾಲಿಕ ದ್ವಿಪೌರತ್ವ ಬೇಡ ಎಂಬುದಕ್ಕೆ ಭಾರತಕ್ಕೆ ಅದರದೇ ಕಾರಣಗಳಿರಬಹುದು. ಮಕ್ಕಳಿಗೆ ಹದಿನೆಂಟರವರೆಗೆ ಬಿಡುವು ಕೊಡಲು ಆ ಕಾರಣಗಳು ಅಡ್ಡಬರುವುದಿಲ್ಲ.

ಇಷ್ಟೆಲ್ಲ ತೂಗಿ ನೋಡಿದ ಮೇಲೂ, ಅಲ್ಲೇ ಬೆಳೆಯಲಿರುವ ಮಗುವಿಗೆ ನೋಂದಣಿ ಮಾಡಿಸುವುದೇ ಸರಿ ಎನ್ನುತ್ತೇನೆ. ತಂದೆಯ ಕೆಲಸ ಹೋದರೆ ಮಗುವಿನ ನೆಲೆ ಹೋಗಬಾರದು. ವಿಶ್ವವಿದ್ಯಾಲಯದ ಶುಲ್ಕ, ಸಾಲ, ಮುಂದಿನ ಉದ್ಯೋಗ ಎಲ್ಲವೂ ಅದಕ್ಕೆ ಅಂಟಿಕೊಂಡಿವೆ. ಎರಡು ಮೂರು ವರ್ಷದಲ್ಲಿ ಊರಿಗೆ ಮರಳುವುದು ಖಚಿತ ಎಂದಿರುವ ಕುಟುಂಬ ಮಾತ್ರ ಒಮ್ಮೆ ತಡೆದು ಯೋಚಿಸಬೇಕು, ಏಕೆಂದರೆ ಒಮ್ಮೆ ಬಿಟ್ಟ ಭಾರತದ ಪೌರತ್ವ ಸುಲಭವಾಗಿ ಮರಳದು. ಮಗು ಹುಟ್ಟಿದ ವರ್ಷದೊಳಗೆ ದೂತಾವಾಸದಲ್ಲಿ ನೋಂದಾಯಿಸಿ. ಹೆಸರು ಎಲ್ಲೆಡೆ ಒಂದೇ ಇರಲಿ. ಕೆಂಪು ಪುಸ್ತಕ, ಶಾಲೆಯ ಪತ್ರ ಎತ್ತಿಡಿ. ಊರಿಗೆ ಕಳಿಸುವಾಗ ದಿನ ಎಣಿಸಿ. ಶುಲ್ಕ ಕಟ್ಟಲಾಗದಿದ್ದರೆ ಮನ್ನಾ ಕೇಳಿ.

ಊರಿನ ಹಿರಿಯರಲ್ಲೂ ಒಂದು ಕೇಳಿಕೆ ಇದೆ. ಮುಂದಿನ ಸಲ ದಾವಣಗೆರೆ ಕ್ಷೇತ್ರದ ಸಂಸದರು ನಿಮ್ಮೂರಿನ ಸಭೆಗೆ ಬಂದಾಗ ರಸ್ತೆ, ನಾಲೆ ನೀರಿನ ಮಾತು ಆಡಿದ ಮೇಲೆ ಇದನ್ನೂ ಕೇಳಿ: ತಂದೆತಾಯಿಯ ಸಹಿಯಿಂದ ಪೌರತ್ವ ಹೋದ ನಮ್ಮ ಮೊಮ್ಮಕ್ಕಳಿಗೆ, ಹದಿನೆಂಟು ತುಂಬಿದ ವರ್ಷದಲ್ಲಿ ಬೇಕಾದರೆ ಅದನ್ನು ಮರಳಿ ಪಡೆಯುವ ಹಕ್ಕನ್ನು ಪೌರತ್ವ ಕಾಯ್ದೆಯಲ್ಲಿ ಸೇರಿಸಲು ಲೋಕಸಭೆಯಲ್ಲಿ ಒತ್ತಾಯಿಸುತ್ತೀರಾ ಎಂದು.